ಹಿಟ್ಟು ಎಂದರೆ ಮುದ್ದೆ

ಹೊಸಕೋಟೆ ಸೀಮೆಯಲ್ಲಿ ಹಿಟ್ಟು ಎಂದರೆ ಮುದ್ದೆ. ಮಿಲ್ಲಿನಿಂದ ಚೀಲದಲ್ಲಿ ಬರುವ ಪುಡಿ ಹಸಿಹಿಟ್ಟು. ಅದು ಎಸರಿಗೆ ಬಿದ್ದು, ಬೆಂದು, ಕೋಲಿಗೆ ಮಣಿದು, ಉಂಡೆಯಾಗಿ ತಟ್ಟೆಗೆ ಬಂದ ಮೇಲೆ ಬರೀ ಹಿಟ್ಟು. "ಹಿಟ್ಟುಂಡ್ರಾ?" ಎಂದು ಕೇಳಿದರೆ ಊಟವಾಯಿತೇ ಎಂದು ಅರ್ಥ. ಇದನ್ನು ಇಲ್ಲಿ ಯಾರೂ ಯಾರಿಗೂ ಬಿಡಿಸಿ ಹೇಳುವುದಿಲ್ಲ. ಸಮೇತನಹಳ್ಳಿಯ ಆಚೆಗಿರುವ ಕಲ್ಲುಬಾವಿಪುರದ ಅನುಸೂಯಮ್ಮನವರ ವಿಷಯದಲ್ಲಿ ಮಾತ್ರ, ಅದನ್ನು ಬಿಡಿಸಿ ಹೇಳಲು ಗ್ರಾಮ ಪಂಚಾಯಿತಿ ಒಂದು ನಿರ್ಣಯವನ್ನೇ ಮಾಡಬೇಕಾಯಿತು.

ಅನುಸೂಯಮ್ಮನವರ ಅಡುಗೆಮನೆ ಕಾಲೊನಿಯ ಕೊನೆಯ ಸಾಲಿನಲ್ಲಿದೆ. ಮನೆಗೆ ಹೊಂದಿಕೊಂಡಂತೆ ಶೀಟು ಹೊದಿಸಿದ ಉದ್ದನೆಯ ಕೋಣೆ, ಸಿಮೆಂಟು ನೆಲ, ಮೂರು ದೊಡ್ಡ ಒಲೆ. ಹಿಟ್ಟು ತಿರುವುವಾಗ ಪಾತ್ರೆ ಅಲುಗದಂತೆ ಒತ್ತಿ ಹಿಡಿಯುವ ಕವೆಗೋಲು ಗೋಡೆಗೆ ಒರಗಿದೆ. ಪಕ್ಕದಲ್ಲಿ ಹಿಟ್ಟಿನ ಕೋಲುಗಳು, ಹಿಡಿಯ ಜಾಗದಲ್ಲಿ ನುಣುಪಾಗಿ ಕಪ್ಪಗೆ ಹೊಳೆಯುತ್ತಿವೆ. ಬಾಗಿಲ ಬಳಿ ಎರಡು ಪತ್ರಗಳಿಗೆ ಕಟ್ಟು ಹಾಕಿಸಿ ತೂಗುಹಾಕಿದ್ದಾರೆ. ಒಂದು ಪಂಚಾಯಿತಿಯ ಲೈಸೆನ್ಸು, ಇನ್ನೊಂದು ಆಹಾರ ಸುರಕ್ಷತಾ ನೋಂದಣಿ. ದೇವರ ಪಟ ಒಳಮನೆಯಲ್ಲಿದೆ. ಬೆಳಿಗ್ಗೆ ಒಲೆ ಹೊತ್ತಿಸುವ ಮೊದಲು ಅವರು ಆ ಪಟದ ಮುಂದೆ ಊದುಬತ್ತಿ ಹಚ್ಚಿ, ಹೊರಗೆ ಬಂದು ಈ ಎರಡು ಪತ್ರಗಳ ಮೇಲಿನ ಧೂಳನ್ನು ಸೆರಗಿನಿಂದ ಒರೆಸುತ್ತಾರೆ. ಯಾಕೆ ಎಂದರೆ ನಗುತ್ತಾರೆ. ಮಸಿ ಹಿಡಿಯುತ್ತದಲ್ಲ ಎನ್ನುತ್ತಾರೆ.

ಅವರು ಮೊದಲು ಗಾರ್ಮೆಂಟ್ಸಿಗೆ ಹೋಗುತ್ತಿದ್ದರು. ಆ ಫ್ಯಾಕ್ಟರಿ ಬಾಗಿಲು ಹಾಕಿಕೊಂಡಾಗ, ಹಳೇ ಮದ್ರಾಸ್ ರಸ್ತೆಯ ಕಡೆ ಏಳುತ್ತಿದ್ದ ಗೋದಾಮುಗಳ ಕಟ್ಟಡ ಕೆಲಸದವರಿಗೆ ಹಿಟ್ಟು, ಸೊಪ್ಪಿನ ಸಾರು ಒಯ್ಯತೊಡಗಿದರು. ಗಂಡ ಅಂಬರೀಶ್ ಸಾಮಾನಿನ ಆಟೊ ಓಡಿಸುತ್ತಿದ್ದುದರಿಂದ ಸಾಗಣೆಗೆ ತೊಂದರೆ ಇರಲಿಲ್ಲ. ಕಟ್ಟಡಗಳು ಎದ್ದು ಕಾರ್ಖಾನೆಗಳಾದವು, ಕಟ್ಟುವವರು ಹೋಗಿ ಒಳಗೆ ದುಡಿಯುವವರು ಬಂದರು. ಪಾತ್ರೆಗಳು ಗೇಟಿನ ಹೊರಗೆ ಹುಣಸೆ ಮರದ ಕೆಳಗೇ ಉಳಿದವು.

ಆಗ ಗೇಟಿನ ಸೆಕ್ಯುರಿಟಿಯವರು ದಿನಕ್ಕೊಂದು ಸಲ ತಳ್ಳುಗಾಡಿಯವರನ್ನೆಲ್ಲ ಓಡಿಸುತ್ತಿದ್ದರು. ಕಾಗದ ಇದ್ದವರನ್ನು ಬಿಡುತ್ತಿದ್ದರು. ಲೈಸೆನ್ಸು ಮಾಡಿಸಿಕೋ ಎಂದು ಹೇಳಿದವರು ಸಂಜೀವಪ್ಪ, ಪಂಚಾಯಿತಿಯ ಬಿಲ್ ಕಲೆಕ್ಟರು. ಕಂದಾಯ ವಸೂಲಿಗೆ ಬಂದಾಗ ಅವರೂ ಆ ಮರದ ಕೆಳಗೆ ಉಣ್ಣುತ್ತಿದ್ದರು. ಅರ್ಜಿ ತಂದವರೂ ಅವರೇ, ಬರೆದವರೂ ಅವರೇ. 'ಮಾಡುವ ವೃತ್ತಿ' ಎಂಬ ಜಾಗಕ್ಕೆ ಬಂದಾಗ ಯೋಚಿಸಲಿಲ್ಲ. ಕಣ್ಣೆದುರು ಇದ್ದದ್ದನ್ನು, ತಮ್ಮ ಮನೆಯಲ್ಲಿ ದಿನವೂ ಕರೆಯುವ ಹೆಸರಿನಿಂದ ಬರೆದರು: ಹಿಟ್ಟು ತಯಾರಿಕೆ.

ಮರುವರ್ಷ ಪಂಚಾಯಿತಿಯ ಲೈಸೆನ್ಸುಗಳೆಲ್ಲ ಕಂಪ್ಯೂಟರಿಗೆ ಏರಿದವು. ಏರಿಸಲು ಕೆಲವು ದಿನಗಳ ಮಟ್ಟಿಗೆ ಹೊರಗಿನಿಂದ ಬಂದಿದ್ದವರು ಪರದೆಯ ಮೇಲಿನ ಪಟ್ಟಿಯಲ್ಲಿ 'ಹಿಟ್ಟು' ಹುಡುಕಿದರು. ಸಿಕ್ಕಿದ್ದು 'ಹಿಟ್ಟಿನ ಗಿರಣಿ'. ಅದನ್ನೇ ಒತ್ತಿದರು.

ಅನುಸೂಯಮ್ಮ ಏಳನೇ ತರಗತಿಯವರೆಗೆ ಓದಿದವರು. ಹೊಸ ಲೈಸೆನ್ಸಿನಲ್ಲಿ 'ಹಿಟ್ಟಿನ ಗಿರಣಿ' ಎಂದಿದ್ದುದನ್ನು ಓದಿದ್ದರು. ಆದರೆ ರಾಗಿ ಬೀಸುವ ಜಾಗಕ್ಕೆ ಈ ಕಡೆ ಮಿಲ್ಲು ಎನ್ನುತ್ತಾರೆ. ಗಿರಣಿ ಎಂಬ ಮಾತು ಅವರ ಕಿವಿಗೆ ಬಿದ್ದಿರಲಿಲ್ಲ.

"ಸರ್ಕಾರದೋರು ಊಟಕ್ಕೆ ಭೋಜನ ಅನ್ನಲ್ವಾ? ಹಂಗೇ ಹಿಟ್ಟು ಮಾಡೋ ಮನೇಗೆ ಗಿರಣಿ ಅಂತಾರೇನೋ ಅಂದ್ಕೊಂಡೆ," ಎನ್ನುತ್ತಾರೆ. "ಹೆಸರು ಜೋರಾಗೈತೆ ಅಂತ ಖುಷೀನೇ ಆಗಿತ್ತು."

ಹಾಗೆ ಕೆಲವು ವರ್ಷ ಅವರು ಗಿರಣಿಯ ಒಡತಿಯಾಗಿದ್ದರು. ಪ್ರತಿ ವರ್ಷ ನವೀಕರಣವಾಯಿತು, ಪ್ರತಿ ವರ್ಷ ಮೊಹರು ಬಿತ್ತು. ಯಾರಿಗೂ ತೊಂದರೆ ಆಗಲಿಲ್ಲ.

ತೊಂದರೆ ಬಂದದ್ದು ಒಳ್ಳೆಯ ಸುದ್ದಿಯ ಜೊತೆಗೆ. ಹುಣಸೆ ಮರದ ಎದುರಿನ ಕಾರ್ಖಾನೆಯ ಕ್ಯಾಂಟೀನು ನೋಡಿಕೊಳ್ಳುವ ವೇಣುಗೋಪಾಲ್ ಒಂದು ಮಧ್ಯಾಹ್ನ ಗೇಟು ದಾಟಿ ಬಂದರು. ಕೆಲಸಗಾರರು ಕ್ಯಾಂಟೀನಿನ ಅನ್ನ ಬಿಟ್ಟು ಹೊರಗೆ ಬಂದು ಹಿಟ್ಟು ಉಣ್ಣುತ್ತಿದ್ದಾರೆ, ನೀವೇ ಒಳಗೆ ಬಂದುಬಿಡಿ ಎಂದರು. ಮಧ್ಯಾಹ್ನದ ಪಾಳಿಗೆ ಹಿಟ್ಟು, ಸಾರು, ದಿನವೂ. ಮುಂದಿನ ತಿಂಗಳು ಒಂದನೇ ತಾರೀಖಿನಿಂದ ಶುರು. ಒಳಗೆ ಬರಬೇಕಾದರೆ ಪಂಚಾಯಿತಿ ಲೈಸೆನ್ಸಿನ ಜೊತೆಗೆ ಆಹಾರ ಸುರಕ್ಷತಾ ನೋಂದಣಿಯೂ ಬೇಕು. ಅಷ್ಟರೊಳಗೆ ಆಗದಿದ್ದರೆ ಬೆಂಗಳೂರಿನ ಕೇಟರಿಂಗಿನವರು ಕಾದು ಕುಳಿತಿದ್ದಾರೆ. ಒಮ್ಮೆ ಅವರು ಒಳಗೆ ಬಂದರೆ ವರ್ಷದವರೆಗೆ ಅಲುಗುವುದಿಲ್ಲ ಎಂಬುದನ್ನೂ ವೇಣುಗೋಪಾಲ್ ಮುಚ್ಚಿಡಲಿಲ್ಲ.

ಅನುಸೂಯಮ್ಮನವರ ಜೊತೆ ಪಕ್ಕದ ಮನೆಯ ಪ್ರಮೋದಾ ಕೆಲಸ ಮಾಡುತ್ತಿದ್ದರು. ಮರದ ಕೆಳಗಿನ ವ್ಯಾಪಾರ ಮಳೆ ಬಂದರೆ ಇಲ್ಲ, ಕಾರ್ಖಾನೆಗೆ ರಜೆ ಎಂದರೆ ಇಲ್ಲ, ರಸ್ತೆ ಅಗೆದರೆ ಇಲ್ಲ. ಕ್ಯಾಂಟೀನು ಸಿಕ್ಕಿದರೆ ಇಬ್ಬರಿಗೂ ವರ್ಷ ಪೂರ್ತಿ ಕೆಲಸ. ಸಾಲಿನ ಇನ್ನಿಬ್ಬರು ಹೆಂಗಸರನ್ನೂ ಸೇರಿಸಿಕೊಳ್ಳಬಹುದು. ಇಷ್ಟು ಲೆಕ್ಕ ಎಲ್ಲರಿಗೂ ಕಾಣುತ್ತಿತ್ತು. ಕಾಣದ್ದು ಇನ್ನೊಂದಿತ್ತು. ಊರಿನ ಮದುವೆ, ನಾಮಕರಣಗಳಿಗೆ ಅನುಸೂಯಮ್ಮನವರ ಕೈಯ ಅಡುಗೆಗೆ ಕರೆ ಬಂದದ್ದಿಲ್ಲ. ಕಾರ್ಖಾನೆಯ ಗೇಟಿನಲ್ಲಿ ಉಂಡು ಹೋಗುವ ಊರಿನ ಹುಡುಗರು ಮನೆಯಲ್ಲಿ ಅದನ್ನು ಹೇಳುತ್ತಿರಲಿಲ್ಲ. ಈ ಮಾತನ್ನು ಅನುಸೂಯಮ್ಮ ಒಂದೇ ಸಲ, ಒಲೆಯ ಕಡೆ ನೋಡುತ್ತ ಹೇಳಿದರು. ಆಮೇಲೆ ಹೇಳಿದ್ದು ಇದು:

"ಕಾಗ್ದ ಇದ್ರೆ ಯಾರು ಮಾಡಿದ್ದು ಅಂತ ಕೇಳಲ್ಲ. ಹೆಂಗೆ ಮಾಡಿದ್ದು ಅಂತ ಕೇಳ್ತಾರೆ. ನೀರು ಎಲ್ಲಿಂದು, ಪಾತ್ರೆ ತೊಳ್ದಿದ್ದೀಯಾ, ಉಗುರು ಕತ್ತರಿಸಿದ್ದೀಯಾ. ಕೇಳ್ಲಿ. ಅದುಕ್ಕೆ ಜವಾಬು ನನ್ನತ್ರ ಐತೆ."

ಅರ್ಜಿ ಹಾಕಿದರು. ಕೆಲವೇ ದಿನಗಳಲ್ಲಿ ಆಹಾರ ಸುರಕ್ಷತಾ ಅಧಿಕಾರಿ ಪರಿಶೀಲನೆಗೆ ಬಂದರು. ಯಾದಗಿರಿ ಕಡೆಯ ಹೆಣ್ಣುಮಗಳು, ಈ ಜಿಲ್ಲೆಗೆ ಹೊಸಬರು. ಕೈಯಲ್ಲಿದ್ದ ಲೈಸೆನ್ಸಿನ ಪ್ರತಿಯನ್ನು ನೋಡಿದರು, ಕೋಣೆಯನ್ನು ನೋಡಿದರು, ಮತ್ತೆ ಪ್ರತಿಯನ್ನು ನೋಡಿದರು.

"ಗಿರಣಿ ಎಲ್ಲದ ರೀ?"

ಇದೇ ಎಂದರು ಅನುಸೂಯಮ್ಮ.

"ಮಷಿನ್ ಎಲ್ಲದ? ಬೀಸೋದು?"

ಅನುಸೂಯಮ್ಮ ಕೋಲು ತೋರಿಸಿದರು. ಕವೆಗೋಲು ತೋರಿಸಿದರು. ಅಷ್ಟೂ ಸಾಲದೇನೋ ಎಂದು ಪ್ರಮೋದಾ ಮುಂದೆ ಬಂದು, "ಮೇಡಮ್ಮೋರೆ, ಮಷಿನ್ ನಾವೇ," ಎಂದು ತಮ್ಮ ಎರಡು ರಟ್ಟೆ ತೋರಿಸಿದರು. ಅಧಿಕಾರಿ ಮೋಟಾರು ಇರಬಹುದೆಂದು ಹಿತ್ತಿಲಿಗೂ ಹೋಗಿ ಬಂದರು. ಅಲ್ಲಿ ನುಗ್ಗೆ ಮರವಿತ್ತು.

ಅಷ್ಟರಲ್ಲಿ ಒಲೆಯ ಮೇಲಿನ ಎಸರು ಉಕ್ಕಿತು. ಹಸಿಹಿಟ್ಟು ಸುರಿಯಬೇಕಾದ ಹೊತ್ತು, ತಡೆದರೆ ಕೆಡುತ್ತದೆ. ಅನುಸೂಯಮ್ಮ ಕ್ಷಮಿಸಿ ಎಂದು ಹೇಳಿ ಕೆಲಸಕ್ಕೆ ನಿಂತರು. ಪ್ರಮೋದಾ ಕವೆಗೋಲಿನಿಂದ ಪಾತ್ರೆ ಹಿಡಿದರು, ಅನುಸೂಯಮ್ಮ ತಿರುವಿದರು, ಒದ್ದೆ ಕೈಯಲ್ಲಿ ಉಂಡೆ ಕಟ್ಟಿದರು. ಅಧಿಕಾರಿ ನಿಂತು ನೋಡಿದರು. ಕೊನೆಗೆ ಹಣೆ ಮುಟ್ಟಿಕೊಂಡು ನಕ್ಕರು.

"ಯವ್ವ, ಇದಕ್ಕ ಹಿಟ್ಟು ಅಂತೀರೇನು! ನಮ್ಮ ಕಡೆ ಹಿಟ್ಟು ಅಂದ್ರ ನಾದಿ ರೊಟ್ಟಿ ಬಡಿಯೋದು. ಇದು ಮುದ್ದಿ ಅಲ್ಲೇನು?"

ತಟ್ಟೆ ಕೊಟ್ಟರೆ ಬೇಡ ಎಂದರು. ಪರಿಶೀಲನೆಗೆ ಬಂದ ಕಡೆ ಉಣ್ಣುವ ಹಾಗಿಲ್ಲ. ನೀರಿನ ತೊಟ್ಟಿ, ಕಸದ ಬುಟ್ಟಿ, ರಾಗಿಯ ಚೀಲ ಇಟ್ಟ ಮಣೆ, ಎಲ್ಲ ನೋಡಿದರು. ಎಲ್ಲ ಚೆನ್ನಾಗಿತ್ತು. ಆದರೂ ನೋಂದಣಿ ಕೊಡಲು ಬರುವುದಿಲ್ಲ ಎಂದರು. ಅರ್ಜಿಯಲ್ಲಿ ಸಿದ್ಧ ಊಟ ಎಂದಿದೆ, ಪಂಚಾಯಿತಿ ಕಾಗದದಲ್ಲಿ ಗಿರಣಿ ಎಂದಿದೆ; ಎರಡೂ ಒಂದಾಗಬೇಕು. ತಿರಸ್ಕರಿಸಿದರೆ ಮತ್ತೆ ಮೊದಲಿನಿಂದ ಬರಬೇಕಾಗುತ್ತದೆ, ಹಾಗೆ ಮಾಡುವುದಿಲ್ಲ. ತಿಂಗಳ ಕೊನೆಯವರೆಗೆ ಅರ್ಜಿಯನ್ನು ಬಾಕಿ ಇಟ್ಟಿರುತ್ತೇನೆ, ಪಂಚಾಯಿತಿಯಲ್ಲಿ ತಿದ್ದಿಸಿಕೊಂಡು ಬನ್ನಿ ಎಂದರು. ಬಾಕಿ ಇಡಲೇಬೇಕೆಂದೇನೂ ಇರಲಿಲ್ಲ. ಅದನ್ನು ಅನುಸೂಯಮ್ಮ ಇವತ್ತಿಗೂ ನೆನೆಯುತ್ತಾರೆ.

ಪಂಚಾಯಿತಿಯಲ್ಲಿ ಸಂಜೀವಪ್ಪ ಇರಲಿಲ್ಲ, ನಿವೃತ್ತರಾಗಿದ್ದರು. ಪಿಡಿಒ ಹೊಸಬರು. ತಾಳ್ಮೆಯಿಂದ ಕೇಳಿ, ತಿದ್ದುವುದಕ್ಕೆ ಕಂಪ್ಯೂಟರಿನಲ್ಲಿ ಹೆಸರಿಗೆ ಅವಕಾಶವಿದೆ, ವಿಳಾಸಕ್ಕಿದೆ, ವೃತ್ತಿಗೆ ಇಲ್ಲ ಎಂದರು. ಹಳೆಯದನ್ನು ರದ್ದು ಮಾಡಿ ಹೊಸದಕ್ಕೆ ಅರ್ಜಿ ಹಾಕಬೇಕು. ಅದು ಮುಗಿಯುವ ಹೊತ್ತಿಗೆ ಒಂದನೇ ತಾರೀಖು ದಾಟಿರುತ್ತದೆ. ಅಲ್ಲಿಯವರೆಗೆ ಇರುವ ಕಾಗದವೂ ಇರುವುದಿಲ್ಲ, ಅಂದರೆ ಹುಣಸೆ ಮರವೂ ಇಲ್ಲ.

ಅದೇ ವಾರ ದೇವನಹಳ್ಳಿಯಲ್ಲಿ ಸಣ್ಣ ಉದ್ದಿಮೆ ನಡೆಸುವವರಿಗೆ ಒಂದು ದಿನದ ತರಬೇತಿ ಇತ್ತು. ಹೋಗುವ ಮನಸ್ಸಿರಲಿಲ್ಲ. ಹೆಸರು ಕೊಟ್ಟಾಗಿದೆ, ಹೋಗಿ ಬಾ ಎಂದು ಅಂಬರೀಶ್ ಬಸ್ಸು ಹತ್ತಿಸಿದರು. ಒಳಗೆ ಭಾಷಣ ನಡೆಯಿತು. ಅನುಸೂಯಮ್ಮನವರಿಗೆ ದಕ್ಕಿದ್ದು ಚಹಾದ ಹೊತ್ತಿನಲ್ಲಿ, ಹೊರಗಿನ ಹೊಂಗೆ ಮರದ ನೆರಳಿನಲ್ಲಿ.

ದೊಡ್ಡಬಳ್ಳಾಪುರದ ಆದಿನಾರಾಯಣಪ್ಪ ಅಲ್ಲಿದ್ದರು, ಮನೆಯಲ್ಲೇ ನಾಲ್ಕು ವಿದ್ಯುತ್ ಮಗ್ಗ ಇಟ್ಟುಕೊಂಡವರು. ಅವರ ಬೀದಿಯಲ್ಲಿ ಮನೆಮನೆಗೂ ಮಗ್ಗ. ಸದ್ದು ನಿಂತರೇ ಜನ ಏನಾಯಿತು ಎಂದು ಹೊರಗೆ ಬರುತ್ತಾರೆ. ಮಗ್ಗಕ್ಕೆ ಎಂದು ಅವರನ್ನು ಯಾರೂ ಕಾಗದ ಕೇಳಿಲ್ಲ. ಅವರ ಅಳಿಯ ಅದೇ ಮಗ್ಗ, ಅದೇ ಸೀರೆ, ನೆಲಮಂಗಲದ ಹೊಸ ಬಡಾವಣೆಯಲ್ಲಿ ಹಾಕಿದ. ಮೂರನೇ ದಿನವೇ ಪಕ್ಕದವರ ದೂರು. ವಾಸದ ಜಾಗದಲ್ಲಿ ಯಂತ್ರ ಕೂಡದು ಎಂದು ನೋಟಿಸು. ಈಗ ಮಗ್ಗ ಕೈಗಾರಿಕಾ ಪ್ರದೇಶದಲ್ಲಿ ಬಾಡಿಗೆ ಶೆಡ್ಡಿನಲ್ಲಿದೆ, ಅಳಿಯ ದಿನಾ ಹೋಗಿ ಬರುತ್ತಾನೆ. ನಿಯಮ ತಪ್ಪು ಅಂತಲ್ಲ, ಮಗು ಮಲಗಿಸುವ ಮನೆಯ ಪಕ್ಕ ಮಗ್ಗ ಅಂದರೆ ಯಾರಿಗಾದರೂ ಕಷ್ಟವೇ ಎಂದರು ಆದಿನಾರಾಯಣಪ್ಪ. ಆದರೆ ಮಗ್ಗ ಒಂದೇ, ಕಾನೂನೂ ಒಂದೇ, ಬೀದಿ ಬೇರೆಯಾದರೆ ಹಣೆಬರಹ ಬೇರೆ.

ದೇವನಹಳ್ಳಿಯ ನಂದೀಶ್‌ಗೆ ವಿಮಾನ ನಿಲ್ದಾಣದ ರಸ್ತೆಯಲ್ಲಿ ಚಕ್ಕೋತ ಹಣ್ಣಿನ ಅಂಗಡಿ. ಅವನ ಕಷ್ಟ ಇನ್ನೊಂದು ಬಗೆ: ಅಂಗಡಿಯ ಮುಂಬಾಗಿಲು ಒಂದು ಕಚೇರಿಯ ವ್ಯಾಪ್ತಿಗೆ, ಹಿಂದಿನ ಗೋಡೆ ಇನ್ನೊಂದಕ್ಕೆ. "ಗುರು, ನಂಗೆ ಇಬ್ರು ಮಾವಂದ್ರು ಇದ್ದಂಗೆ," ಎಂದ. "ಇಬ್ರೂ ಒಳ್ಳೇವ್ರೇ. ಹಬ್ಬಕ್ಕೆ ಯಾರ ಮನೇಗೋಗ್ಲಿ ಅಂತ ಅವ್ರೇ ತೀರ್ಮಾನ ಮಾಡ್ಬೇಕು."

ಎಲ್ಲರೂ ನಕ್ಕರು. ಅನುಸೂಯಮ್ಮನವರೂ ತಮ್ಮ ಗಿರಣಿಯ ಕತೆ ಹೇಳಿದರು. ನಗು ಹೆಚ್ಚಾಯಿತು. ನಗದೆ ಕೇಳಿದವರು ಒಬ್ಬರೇ, ಶಿವಗಂಗೆ ಬೆಟ್ಟದ ಬುಡದಲ್ಲಿ ಯಾತ್ರಿಕರಿಗೆ ಮೆಸ್ಸು ನಡೆಸುವ ಬಿಂದುಶ್ರೀ.

"ಅಕ್ಕ, ನಂದೂ ಹಂಗೇ ಆಗಿತ್ತು," ಎಂದರು. "ನಮ್ಮತ್ತೆ ಅಲ್ಲಿ ಹೂವಿನಂಗ್ಡಿ ಇಟ್ಟಿದ್ರು. ನಾನು ಮೆಸ್ ಮಾಡಿ ವರ್ಷಗಟ್ಲೆ ಆದ್ರೂ ಲೈಸೆನ್ಸಲ್ಲಿ ಹೂವೇ. ರದ್ದು ಮಾಡಿಸ್ಬೇಡಿ. ಸಭೇಲಿಡ್ಸಿ."

ಅವರ ಪಂಚಾಯಿತಿಯಲ್ಲಿ ಸದಸ್ಯರ ಸಾಮಾನ್ಯ ಸಭೆಯ ಮುಂದೆ ವಿಷಯ ಇಟ್ಟು, ವೃತ್ತಿಯ ಹೆಸರನ್ನು ನಿರ್ಣಯದ ಮೂಲಕ ತಿದ್ದಿದ್ದರು. ಹಳೆಯ ಲೈಸೆನ್ಸೇ ಮುಂದುವರಿದಿತ್ತು. ಆ ನಿರ್ಣಯದ ಪ್ರತಿ ಬಿಂದುಶ್ರೀಯವರ ಮೊಬೈಲಿನಲ್ಲಿತ್ತು. ಚಹಾದ ಲೋಟ ಕೆಳಗಿಟ್ಟು, ಅಲ್ಲೇ ಕಳಿಸಿದರು. ಇಬ್ಬರೂ ಅದಕ್ಕೆ ಮೊದಲು ಒಬ್ಬರನ್ನೊಬ್ಬರು ನೋಡಿರಲಿಲ್ಲ.

ಪಿಡಿಒ ಅದನ್ನು ಎರಡು ಸಲ ಓದಿದರು. ಅಲ್ಲಿ ಮಾಡಿದ್ದಾರೆಂದು ಇಲ್ಲಿಯೂ ಮಾಡಬೇಕೆಂದಿಲ್ಲ ಎಂದರು. ಮೊಬೈಲು ಹಿಂದಿರುಗಿಸುತ್ತ, ಅಲ್ಲಿ ಮಾಡಿದ್ದು ತಪ್ಪೂ ಅಲ್ಲ ಎಂದರು. ತಿಂಗಳ ಸಭೆ ಕೊನೆಯ ವಾರದಲ್ಲಿತ್ತು. ವಿಷಯ ಸೇರಿಸುತ್ತೇನೆ, ಆದರೆ ಮೊದಲ ಅರ್ಜಿಯಲ್ಲಿ ಬರೆದದ್ದಕ್ಕೆ ಅರ್ಥ ಏನಿತ್ತು ಎಂದು ಬರೆದವರೇ ಬಂದು ಹೇಳಿದರೆ ಒಳ್ಳೆಯದು ಎಂದರು.

ಸಂಜೀವಪ್ಪನವರಿಗೆ ಮೊಣಕಾಲು ನೋವು. ಮಗಳ ಮನೆಯಲ್ಲಿದ್ದರು. ಅಂಬರೀಶ್ ಆಟೊದಲ್ಲಿ ಹಿಂದೆ ಚಾಪೆ ಹಾಸಿ ಕರೆತಂದರು. ಸಭೆಯಲ್ಲಿ ಕೋಲು ಊರಿಕೊಂಡು ನಿಂತು ಅವರು ಹೇಳಿದ್ದು ಹೆಚ್ಚೇನಿಲ್ಲ.

"ನಾನೇ ಸ್ವಾಮಿ ಬರ್ದಿದ್ದು. ಹಿಟ್ಟು ಅಂತ್ಲೇ ಬರ್ದೆ. ಉಂಡಿದ್ದು ಅದ್ನೇ, ಬರ್ದಿದ್ದೂ ಅದ್ನೇ. ಹಿಟ್ಟು ಅಂದ್ರೆ ಏನು ಅಂತ ಈ ಪಂಚಾಯ್ತೀಲಿ ಯಾರಿಗಾದ್ರೂ ಗೊತ್ತಿಲ್ಲ ಅಂದ್ರೆ ಕೈಯೆತ್ಲಿ, ಹೇಳ್ತೀನಿ."

ಯಾರೂ ಕೈ ಎತ್ತಲಿಲ್ಲ. ಸದಸ್ಯರು ನಗುತ್ತಿದ್ದರು. ಹಿರಿಯ ಸದಸ್ಯ ಅಪ್ಪಯ್ಯಣ್ಣ, ಊರಿನ ದೊಡ್ಡ ಹಿಡುವಳಿಯ ಮನೆಯವರು, ಮಾತ್ರ ನಗಲಿಲ್ಲ. ಅನುಸೂಯಮ್ಮ ಬಾಗಿಲ ಬಳಿ ನಿಂತು ಅವರ ಮುಖವನ್ನೇ ನೋಡುತ್ತಿದ್ದರು. ಅವರು ಬೇಡ ಎಂದರೆ ಉಳಿದವರು ಸುಮ್ಮನಾಗುತ್ತಾರೆ ಎಂಬುದು ಗೊತ್ತಿತ್ತು. ಅಪ್ಪಯ್ಯಣ್ಣ ಕನ್ನಡಕ ತೆಗೆದು ಒರೆಸಿ, ಪಿಡಿಒ ಕಡೆ ತಿರುಗಿದರು.

"ಬರ್ಕೊಳ್ರಿ. ಹಿಟ್ಟು ಅಂದ್ರೆ ಮುದ್ದೆ. ಇದುಕ್ಕೆ ಚರ್ಚೆ ಏನ್ರೀ?"

ನಿರ್ಣಯದ ಪ್ರತಿ ಅನುಸೂಯಮ್ಮನವರ ಬಳಿ ಇದೆ. 'ಸದರಿಯವರ ಮೂಲ ಅರ್ಜಿಯಲ್ಲಿ ಹಿಟ್ಟು ಎಂದು ನಮೂದಿಸಿರುವುದನ್ನು ಮುದ್ದೆ ಎಂದು ಓದಿಕೊಳ್ಳತಕ್ಕದ್ದು. ಅದರಂತೆ ವೃತ್ತಿಯನ್ನು ಸಿದ್ಧ ಊಟ ಸರಬರಾಜು ಎಂದು ತಿದ್ದುಪಡಿ ಮಾಡಲು ಸಭೆಯು ಸರ್ವಾನುಮತದಿಂದ ಒಪ್ಪಿದೆ.' ಪಿಡಿಒ ತಾಲ್ಲೂಕಿಗೆ ಫೋನು ಮಾಡಿ, ಕಂಪ್ಯೂಟರಿನಲ್ಲಿ ಇಲ್ಲದ ಅವಕಾಶವನ್ನು ಮೇಲಿನವರಿಂದ ತೆರೆಸಿ, ಆ ಸಂಜೆಯೇ ಹೊಸ ಪ್ರತಿ ಕೈಗಿಟ್ಟರು. ಮರುದಿನ ಯಾದಗಿರಿಯ ಅಧಿಕಾರಿ ಬಾಕಿ ಇಟ್ಟಿದ್ದ ಅರ್ಜಿಗೆ ಒಪ್ಪಿಗೆ ಕೊಟ್ಟರು. ಒಪ್ಪಿಗೆಯ ಜೊತೆ ಫೋನೂ ಬಂತು: ಗಿರಣಿ ಮುಚ್ಚಿದಿರೇನ್ರಿ ಎಂದು.

ಒಂದನೇ ತಾರೀಖು ಅಂಬರೀಶರ ಆಟೊ ಗೇಟಿನ ಒಳಗೆ ಹೋಯಿತು. ಸೆಕ್ಯುರಿಟಿಯವರು ಅಡ್ಡಗಂಬ ಎತ್ತಿದಾಗ ಪ್ರಮೋದಾ ಆಟೊದಿಂದಲೇ ಸಲಾಮು ಹೊಡೆದರಂತೆ.

ಇದೆಲ್ಲ ಆಗಿ ಒಂದು ವರ್ಷದ ಮೇಲಾಯಿತು. ಈಗ ಅಡುಗೆಮನೆಯಲ್ಲಿ ನಾಲ್ವರು ದುಡಿಯುತ್ತಾರೆ. ಬಿಂದುಶ್ರೀಯವರ ಮೆಸ್ಸಿಗೆ ಅನುಸೂಯಮ್ಮ ಒಂದು ಸೋಮವಾರ ಹೋಗಿ, ಒಂದು ಚೀಲ ರಾಗಿ ಕೊಟ್ಟು, ಬೆಟ್ಟ ಹತ್ತಿ ಬಂದರು. ಸಂಜೀವಪ್ಪನವರಿಗೆ ದಿನವೂ ಒಂದು ಡಬ್ಬಿ ಹೋಗುತ್ತದೆ. ಅವರಿಗೆ ಹಲ್ಲು ಉಳಿದಿಲ್ಲ, ಆದರೆ ಹಿಟ್ಟನ್ನು ಹೇಗೂ ನುಂಗುವುದೇ ಹೊರತು ಅಗಿಯುವುದಲ್ಲ. ಬೇಡ ಕಣಮ್ಮ ಎಂದು ಅವರು ಎಷ್ಟೋ ಸಲ ಹೇಳಿದ್ದಾರೆ. ಡಬ್ಬಿ ಮಾತ್ರ ತೊಳೆದು, ತಪ್ಪದೆ ವಾಪಸು ಕಳಿಸುತ್ತಾರೆ.

ಇತ್ತೀಚೆಗೆ ಪಂಚಾಯಿತಿಯಲ್ಲಿ ಇಡೀ ದಿನದ ಸಭೆ ಇತ್ತು. ಊಟ ಎಲ್ಲಿಂದ ತರಿಸುವುದು ಎಂಬ ಮಾತು ಬಂತು. ಪಂಚಾಯಿತಿಯ ಊಟವನ್ನು ನೋಂದಣಿ ಇದ್ದವರಿಂದಲೇ ತರಿಸಬೇಕು ಎಂದರು ಪಿಡಿಒ. ಊರಿನಲ್ಲಿ ನೋಂದಣಿ ಇದ್ದದ್ದು ಒಬ್ಬರಿಗೇ.

ಅನುಸೂಯಮ್ಮ ಹಿಟ್ಟು, ಹುರುಳಿಕಾಳಿನ ಸಾರು ಒಯ್ದರು. ಹಿಂದಿನ ಸಲ ಬಾಗಿಲಲ್ಲಿ ನಿಂತಿದ್ದ ಕೋಣೆಯಲ್ಲಿ ತಾವೇ ಬಡಿಸಿದರು. ಸಾಲಿನ ನಡುವೆ ಅಪ್ಪಯ್ಯಣ್ಣ ಕುಳಿತಿದ್ದರು. ಕಾಲೊನಿಯ ಮನೆಯೊಂದರ ಅಡುಗೆಯನ್ನು ಅವರು ಅದುವರೆಗೆ ಉಂಡದ್ದನ್ನು ಊರಿನಲ್ಲಿ ಯಾರೂ ಕಂಡಿರಲಿಲ್ಲ. ಎಲೆಯ ಮುಂದೆ ಬಂದಾಗ ಅನುಸೂಯಮ್ಮ ಒಂದು ಗಳಿಗೆ ನಿಂತರು. ಅಪ್ಪಯ್ಯಣ್ಣ ಎಲೆಗೆ ನೀರು ಚಿಮುಕಿಸಿ ಒರೆಸಿದರು.

ಆಮೇಲೆ ಏನಾಯಿತು ಎಂದರೆ ಅನುಸೂಯಮ್ಮ ಹೆಚ್ಚು ಹೇಳುವುದಿಲ್ಲ.

"ಉಂಡ್ರು. ಇನ್ನೊಂದು ಕೇಳಿದ್ರು. ಹಾಕ್ದೆ."